‘ನಿಷ್ಕ್ರಿಯತೆ’ ಎಂಬ ಶಬ್ದದ ವಿಚಾರ: ಪೊಟ್ಯಾಸಿಯಂ ಮಾರ್ಗಗಳ ಚರಿತ್ರೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳಲ್ಲಿ ಕಾಫಿಹಣ್ಣು ಬಿಡಿಸುವ ಕಾಲಕ್ಕೆ ಕೊಳೆಯುವ ಸಿಪ್ಪೆಯ ರಾಶಿಗೆ ಸಣ್ಣ ನೊಣಗಳು ಮುತ್ತುವುದುಂಟು. ಹುಳಿತ ಹಣ್ಣನ್ನರಸುವ ಇಂತಹ ನೊಣಗಳಲ್ಲಿ ಡ್ರಾಸಫಿಲವೆಂಬುದು ಒಂದು ಕುಲ. ಜೀವಕೋಶದ ಪೊಟ್ಯಾಸಿಯಂ ಮಾರ್ಗವು ತೆರೆದಿದ್ದೂ ಹರಿವನ್ನು ನಿಲ್ಲಿಸುವುದೇಕೆಂಬ ಪ್ರಶ್ನೆಗೆ ಉತ್ತರ ದೊರೆತುದು ಈ ಕುಲದ ನೊಣದಿಂದಲೇ.

ಮಾರ್ಗವೆಂದರೆ ಕೋಶದ ಪೊರೆಯಲ್ಲಿರುವ ಪ್ರೋಟೀನಿನ ರಂಧ್ರ. ಪೊರೆಯ ವಿದ್ಯುದ್ವಿಭವವು ಬದಲಾದಾಗ ಅದು ತೆರೆಯುವುದು. ಪೊಟ್ಯಾಸಿಯಂ ಹೊರಕ್ಕೆ ಹರಿದು ನರವು ಪೂರ್ವಸ್ಥಿತಿಗೆ ಮರಳುವುದು. ಕರಾವಳಿಯವರು ಬೊಂಡಾಸವೆನ್ನುವ ಸ್ಕ್ವಿಡ್ಡಿನ ನರತಂತುವನ್ನು ಪರೀಕ್ಷಿಸಿದ ಹಾಜ್‌ಕಿನ್ ಮತ್ತು ಹಕ್ಸ್‌ಲಿಯವರು, ಅದರಲ್ಲಿ ಸೋಡಿಯಂ ಹರಿವು ತಾನಾಗಿ ಕುಗ್ಗುವುದನ್ನೂ ಪೊಟ್ಯಾಸಿಯಂ ಹರಿವು ಹಾಗೆ ಕುಗ್ಗದಿರುವುದನ್ನೂ 1952ರಲ್ಲಿ ಗಣಿತದಿಂದ ನಿರೂಪಿಸಿದರು. ಆದರೆ ತಾನಾಗಿ ಕುಗ್ಗುವ ಪೊಟ್ಯಾಸಿಯಂ ಪ್ರವಾಹವೂ ಉಂಟೆಂಬುದನ್ನು 1971ರಲ್ಲಿ ಕಾನರ್ ಮತ್ತು ಸ್ಟೀವನ್ಸರು ಬಸವನಹುಳುವಿನ ವರ್ಗದ ಕಡಲಜೀವಿಯೊಂದರ ನರಕೋಶಗಳಲ್ಲಿ ವಿವರಿಸಿದರು.

ಇಂತಹ ಕುಗ್ಗುವಿಕೆಯು ಮುಚ್ಚುವಿಕೆಯಲ್ಲ. ಮಲೆನಾಡಿನ ಉಣುಗೋಲನ್ನು ನೆನೆದರೆ ಭೇದವು ಸ್ಪಷ್ಟವಾದೀತು. ಅಡ್ಡಗೋಲುಗಳನ್ನು ಸರಿಸಿದೊಡನೆ ದನಗಳು ಹೊರಡುವುವು. ಅಷ್ಟರಲ್ಲಿ ಒಳಗೆ ಹಗ್ಗದಿಂದ ಕಟ್ಟಿದ ಕರುವೊಂದು ಬಂದು ನಡುವೆ ನಿಂತರೆ, ಉಣುಗೋಲು ತೆರೆದಿದ್ದರೂ ದಾರಿಯಿಲ್ಲ. ಕರು ಸರಿಯುವವರೆಗೆ ಕೋಲುಗಳನ್ನು ಮತ್ತೆ ಹಾಕುವಂತೆಯೂ ಇಲ್ಲ. 1977ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಬೆಜಾನಿಯಾರವರು ಸೋಡಿಯಂ ಮಾರ್ಗದ ವಿಷಯದಲ್ಲಿ ಮುಂದಿಟ್ಟ ಗುಂಡು-ಸರಪಳಿಯ ಪಕ್ಷವು ಇಂತಹುದೇ.

ಈ ಪಕ್ಷಕ್ಕೆ ದೃಢಪ್ರಮಾಣವು ‘ಶೇಕರ್’ ಎಂಬ ನೊಣದಿಂದ ಬಂದಿತು. ಈಥರಿನ ಮಂಪರಿನಲ್ಲಿ ಇದರ ಕಾಲುಗಳು ನಡುಗುತ್ತವೆ. 1987ರಲ್ಲಿ ಇದರ ಜೀನನ್ನು ಬೇರ್ಪಡಿಸಿದಾಗ ಅದು ಪೊಟ್ಯಾಸಿಯಂ ಮಾರ್ಗದ್ದೆಂದು ತಿಳಿಯಿತು. 1990ರಲ್ಲಿ ಹೋಶಿ, ಜಗೋಟಾ, ಆಲ್ಡ್ರಿಚ್ ಎಂಬವರು ಆ ಪ್ರೋಟೀನಿನ ಆದಿಭಾಗವನ್ನು ಕಳೆದರು. ಶೀಘ್ರ ನಿಷ್ಕ್ರಿಯತೆಯು ಇಲ್ಲವಾಯಿತು. ಅದೇ ಭಾಗದ 20 ಅಮೈನೋ ಆಮ್ಲಗಳ ತುಣುಕನ್ನು ಕೋಶದ ಒಳಮಗ್ಗುಲಿನಿಂದ ಕೂಡಿಸಿದರು, ಅದು ಮರಳಿತು. ನಮ್ಮ ತಾರ್ಕಿಕರು ಹೇಳುವ ಅನ್ವಯ-ವ್ಯತಿರೇಕಗಳಿಗೆ ಇದಕ್ಕಿಂತ ಶುದ್ಧವಾದ ಉದಾಹರಣೆಯು ವಿರಳ.

ಆದರೂ ಗುಂಡಿಲ್ಲದ ಮಾರ್ಗದಲ್ಲಿ ನಿಧಾನವಾದ ಇನ್ನೊಂದು ನಿಷ್ಕ್ರಿಯತೆಯು ಉಳಿಯಿತು. ಇದು ರಂಧ್ರದ ಹೊರಬಾಯಿಯ ಕಡೆಯ ಮಾರ್ಪಾಡಿನಿಂದ ಆಗತಕ್ಕುದು. ಇಲ್ಲಿ ಕರುವಿಲ್ಲ, ದಾರಿಯೇ ನಡೆಗೊಡದಂತಾಗುವುದು.

ಕರ್ನಾಟಕವೂ ಈ ವಿದ್ಯೆಗೆ ದೂರವಲ್ಲ. ತಾಪವೇರಿದೊಡನೆ ಸ್ತಂಭಿಸುವ ಡ್ರಾಸಫಿಲ ನೊಣಗಳ ನರದೋಷವನ್ನು 1976ರಲ್ಲಿ ಬೆಂಜರರೊಡನೆ ಪ್ರಕಟಿಸಿದ ಒಬೈದ್ ಸಿದ್ದಿಕಿಯವರು ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ಇಂತಿರಲು ಈ ವಿಷಯವನ್ನು ಕನ್ನಡದಲ್ಲಿ ಬೋಧಿಸುವವರಿಗೆ ಶಬ್ದನಿರ್ಣಯವು ಅವಶ್ಯಕ. ‘ಮುಚ್ಚುವಿಕೆ’ಯು ಎರಡು ಬಗೆಗೂ ಸಲ್ಲದು, ‘ಅಡ್ಡಿ’ಯು ಮೊದಲನೆಯದಕ್ಕೆ ಮಾತ್ರ ಸಲ್ಲುವುದು. ಕಾರಣವನ್ನು ಸೂಚಿಸದೆ ಕಾರ್ಯವನ್ನಷ್ಟೇ ಹೇಳುವ ‘ನಿಷ್ಕ್ರಿಯತೆ’ಯು ಎರಡನ್ನೂ ಒಳಗೊಳ್ಳುವುದರಿಂದ ಅದೇ ಗ್ರಾಹ್ಯವಾದುದು.