ವಿಮಾನ ಚಾಲಕನ ಪರೀಕ್ಷೆ: ಪಠ್ಯಕ್ರಮದ ಹಿಂದಿನ ಚರಿತ್ರೆ



ವಿಮಾನ ಚಾಲಕರಾಗಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗೆ ಇರಬಹುದು. ಸಂಬಳಕ್ಕಾಗಿ ವಿಮಾನ ಹಾರಿಸಬೇಕಾದರೆ ವಾಣಿಜ್ಯ ಪೈಲಟ್ ಲೈಸೆನ್ಸ್ ಬೇಕು. ಅದಕ್ಕೆ 200 ಗಂಟೆಗಳ ಹಾರಾಟದ ಅನುಭವದ ಜೊತೆಗೆ ಲಿಖಿತ ಪರೀಕ್ಷೆಗಳಲ್ಲೂ ತೇರ್ಗಡೆಯಾಗಬೇಕು. ನಮ್ಮ ದೇಶದಲ್ಲಿ ಇವನ್ನು ನಡೆಸುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಮಾರ್ಗನಿರ್ಣಯ, ಹವಾಮಾನ, ವಾಯುಯಾನ ನಿಯಮಗಳು, ವಿಮಾನದ ತಾಂತ್ರಿಕ ವಿಷಯಗಳು ಇದರ ಮುಖ್ಯ ಪತ್ರಿಕೆಗಳು. ಪ್ರತಿಯೊಂದರಲ್ಲೂ ನೂರಕ್ಕೆ 70 ಅಂಕ ಬರಬೇಕು. ಇದಲ್ಲದೆ ರೇಡಿಯೋ ಸಂಭಾಷಣೆಯ ಪರೀಕ್ಷೆಯೂ ಉಂಟು.

ಹಾರಲು ಕಲಿಯುವವನಿಗೆ ಇಷ್ಟೆಲ್ಲ ಓದು ಏಕೆ ಎಂದು ನೀವು ಕೇಳಬಹುದು. ಈ ಪಠ್ಯಕ್ರಮವನ್ನು ಯಾರೋ ಒಬ್ಬ ಪಂಡಿತರು ಒಂದೇ ದಿನ ಕುಳಿತು ಬರೆದದ್ದಲ್ಲ. ನೂರು ವರ್ಷಗಳ ಅವಧಿಯಲ್ಲಿ, ಒಂದೊಂದು ಅನುಭವಕ್ಕೆ ಒಂದೊಂದು ಪುಟದಂತೆ ಅದು ಬೆಳೆದಿದೆ. ಆ ಅನುಭವಗಳಲ್ಲಿ ಹಲವು ಬಹಳ ದುಬಾರಿಯಾದವು.

ಪ್ರಶ್ನೆಪತ್ರಿಕೆ ಇಲ್ಲದ ಕಾಲ

ಮೊದಲ ವಿಮಾನ ಚಾಲಕರಿಗೆ ಲಿಖಿತ ಪರೀಕ್ಷೆಯೇ ಇರಲಿಲ್ಲ. 1910ರ ಸುಮಾರಿಗೆ ಯುರೋಪಿನ ಏರೋ ಕ್ಲಬ್ಬುಗಳು ಪ್ರಮಾಣಪತ್ರ ಕೊಡುತ್ತಿದ್ದವು. ಮೈದಾನದ ಮೇಲೆ ಎಂಟರ ಅಂಕಿಯ ಆಕಾರದಲ್ಲಿ ಸುತ್ತು ಹಾಕಿ, ಗುರುತು ಮಾಡಿದ ಜಾಗದ ಹತ್ತಿರ ಕ್ಷೇಮವಾಗಿ ಇಳಿದರೆ ಸಾಕು, ನೀವು ಚಾಲಕರು! ಆಗ ವಿಮಾನದಲ್ಲಿ ಪ್ರಯಾಣಿಕರಿರಲಿಲ್ಲ. ಬಿದ್ದರೆ ಬೀಳುವವನು ಹಾರಿಸಿದವನೇ.

ಮೊದಲನೆಯ ಮಹಾಯುದ್ಧ ಮುಗಿದು ವಿಮಾನಗಳು ಜನರನ್ನೂ ಟಪಾಲನ್ನೂ ಹೊತ್ತು ದೇಶದಿಂದ ದೇಶಕ್ಕೆ ಹಾರಲು ತೊಡಗಿದಾಗ ಪರಿಸ್ಥಿತಿ ಬದಲಾಯಿತು. 1919ರ ಪ್ಯಾರಿಸ್ ಒಪ್ಪಂದವು ಸ್ವಂತಕ್ಕೆ ಹಾರುವವನಿಗೂ ಸಾರ್ವಜನಿಕರನ್ನು ಒಯ್ಯುವವನಿಗೂ ಬೇರೆ ಬೇರೆ ಅರ್ಹತೆಗಳನ್ನು ಗೊತ್ತುಮಾಡಿತು. ಎರಡನೆಯವನು ಎಂಜಿನ್, ದೀಪ, ಸಂಜ್ಞೆ, ವಾಯುಮಾರ್ಗದ ನಿಯಮ ಇವನ್ನೆಲ್ಲ ಅರಿತಿರಬೇಕಾಯಿತು. 1944ರ ಷಿಕಾಗೋ ಒಪ್ಪಂದ ಇದನ್ನು ಇನ್ನಷ್ಟು ವಿಸ್ತರಿಸಿತು. ಚಾಲಕರ ಲೈಸೆನ್ಸಿಗೆ ಸಂಬಂಧಿಸಿದ ಅದರ ಮೊದಲನೆಯ ಅನುಬಂಧ 1948ರಲ್ಲಿ ಅಂಗೀಕಾರವಾಯಿತು. ಇಂದಿನ ಭಾರತೀಯ ಪರೀಕ್ಷೆಯ ಮೂಲ ಚೌಕಟ್ಟು ಅಲ್ಲಿಯದೇ.

ದಾರಿ ಮತ್ತು ಗಾಳಿ

ಭಾರತದಲ್ಲಿ ಪೈಲಟ್ ಲೈಸೆನ್ಸಿನ ಒಂದನೆಯ ಸಂಖ್ಯೆ ಜೆ.ಆರ್.ಡಿ. ಟಾಟಾ ಅವರದು, ವರ್ಷ 1929. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಪುಟ್ಟ ಪಸ್ ಮಾತ್ ವಿಮಾನದಲ್ಲಿ ಟಪಾಲು ತಂದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದರು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ದಿಕ್ಸೂಚಿ, ಗಡಿಯಾರ, ನಕ್ಷೆ, ಲೆಕ್ಕ ಇಷ್ಟೇ ಆಧಾರ.

ಆ ಲೆಕ್ಕವೇ ಇಂದಿಗೂ ಮಾರ್ಗನಿರ್ಣಯ ಪತ್ರಿಕೆಯ ಹೃದಯ. ನಿಮ್ಮ ವಿಮಾನದ ವೇಗ ಗಂಟೆಗೆ 120 ನಾಟಿಕಲ್ ಮೈಲಿ ಎಂದಿಟ್ಟುಕೊಳ್ಳಿ. ಪಕ್ಕದಿಂದ ಗಂಟೆಗೆ 20 ಮೈಲಿಯ ಗಾಳಿ ಬೀಸುತ್ತಿದೆ. ನೀವು ಮೂತಿಯನ್ನು ಊರಿನತ್ತಲೇ ನೇರ ಹಿಡಿದು ಒಂದು ಗಂಟೆ ಹಾರಿದರೆ 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಕೆಳಗೆ ನೀವು ಹುಡುಕುವ ಊರು ಕಾಣದು. ಗಾಳಿಗೆ ಎದುರಾಗಿ ಎಷ್ಟು ಅಂಶ ತಿರುಗಿಸಬೇಕು ಎಂಬುದನ್ನು ನೀವು ಶಾಲೆಯಲ್ಲಿ ಕಲಿತ ತ್ರಿಕೋನವೇ ಹೇಳುತ್ತದೆ.

ಗಾಳಿಯ ಮಾತು ಬಂದಾಗ ಜಪಾನಿನ ವಾಸಾಬುರೋ ಓಯಿಷಿ ಅವರನ್ನು ನೆನೆಯಬೇಕು. 1920ರ ದಶಕದಲ್ಲಿ ಅವರು ಬಲೂನುಗಳನ್ನು ಹಾರಿಬಿಟ್ಟು, ಬಹು ಎತ್ತರದಲ್ಲಿ ನದಿಯಂತೆ ರಭಸದಿಂದ ಹರಿಯುವ ಗಾಳಿಯನ್ನು ಅಳೆದರು. ಜಗತ್ತೆಲ್ಲ ಓದಲಿ ಎಂದು 1926ರಲ್ಲಿ ತಮ್ಮ ವರದಿಯನ್ನು ಎಸ್ಪೆರಾಂಟೋ ಎಂಬ ಕೃತಕ ಭಾಷೆಯಲ್ಲಿ ಪ್ರಕಟಿಸಿದರು. ಹೊರದೇಶಗಳಲ್ಲಿ ಅದನ್ನು ಗಮನಿಸಿದವರು ವಿರಳ. 1944ರಲ್ಲಿ ಅಮೆರಿಕದ ಬಿ-29 ಬಾಂಬರುಗಳು ಜಪಾನಿನ ಮೇಲೆ ಎತ್ತರದಲ್ಲಿ ಹಾರಿದಾಗ ಆ ಗಾಳಿಯ ಹೊಡೆತಕ್ಕೆ ಅವುಗಳ ಗುರಿಯೇ ತಪ್ಪಿತು. ಇಂದು ಇದು ಜೆಟ್ ಸ್ಟ್ರೀಮ್ ಎಂಬ ಹೆಸರಿನಲ್ಲಿ ಹವಾಮಾನ ಪತ್ರಿಕೆಯ ಖಾಯಂ ಪಾಠ.

ಏಕಮಾನ ಬರೆಯಲು ಮರೆತರೆ

ಪರೀಕ್ಷೆಯಲ್ಲಿ ಉತ್ತರದ ಮುಂದೆ ಏಕಮಾನ ಬರೆಯದಿದ್ದರೆ ಅಧ್ಯಾಪಕರು ಅರ್ಧ ಅಂಕ ಕಳೆಯುತ್ತಾರೆಂದು ನೀವು ಬೇಸರಪಡುತ್ತೀರಲ್ಲವೇ? 1983ರ ಜುಲೈ 23ರಂದು ಕೆನಡಾದಲ್ಲಿ ನಡೆದುದನ್ನು ಕೇಳಿ. ಏರ್ ಕೆನಡಾದ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಆಟವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಡಬೇಕಿತ್ತು. ಇಂಧನದ ಮಾಪಕ ಕೆಟ್ಟಿದ್ದರಿಂದ ಕೈಲೆಕ್ಕ ಮಾಡಿದರು. ಬೇಕಾದದ್ದು 22,300 ಕಿಲೋಗ್ರಾಂ. ತೊಟ್ಟಿಯಲ್ಲಿ 7,682 ಲೀಟರ್ ಇತ್ತು. ಲೀಟರಿಗೆ ಸುಮಾರು 0.8 ಕಿಲೋಗ್ರಾಂ ಎಂದು ಗುಣಿಸಬೇಕಿದ್ದಲ್ಲಿ ಹಳೆಯ ರೂಢಿಯಂತೆ 1.77ರಿಂದ ಗುಣಿಸಿದರು. ಅದು ಲೀಟರಿನ ತೂಕವೇನೋ ನಿಜ, ಆದರೆ ಪೌಂಡಿನಲ್ಲಿ! ಹೀಗಾಗಿ 20,000 ಲೀಟರಿಗೂ ಹೆಚ್ಚು ತುಂಬಬೇಕಿದ್ದ ಕಡೆ 5,000 ಲೀಟರಿಗೂ ಕಡಿಮೆ ತುಂಬಿದರು.

41,000 ಅಡಿ ಎತ್ತರದಲ್ಲಿ ಇಂಧನ ಮುಗಿಯುತ್ತ ಬಂದು ಎರಡೂ ಎಂಜಿನ್ ಒಂದರ ಹಿಂದೆ ಒಂದರಂತೆ ನಿಂತವು. ಅದೃಷ್ಟಕ್ಕೆ ಕ್ಯಾಪ್ಟನ್ ಬಾಬ್ ಪಿಯರ್ಸನ್ ಅವರಿಗೆ ಗ್ಲೈಡರ್ ಹಾರಿಸಿ ಅನುಭವವಿತ್ತು. ಅವರು ಆ ಭಾರಿ ವಿಮಾನವನ್ನು ತೇಲಿಸಿಕೊಂಡು ಹೋಗಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. 69 ಜನರೂ ಬದುಕಿ ಉಳಿದರು. ಏಕಮಾನಗಳ ಪರಿವರ್ತನೆಯ ಪ್ರಶ್ನೆ ಕಂಡಾಗ ಆ ವಿಮಾನವನ್ನು ನೆನಪಿಸಿಕೊಳ್ಳಿ.

ಒಂದು ಮಾತಿನ ಬೆಲೆ

ಎಲ್ಲ ಕಥೆಗಳೂ ಹೀಗೆ ಸುಖಾಂತವಲ್ಲ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ದಟ್ಟ ಮಂಜು ಕವಿದಿತ್ತು. ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳಿದ್ದವು. ಒಂದರ ಚಾಲಕರು ತಾವು ಮೇಲೇರಲು ತೊಡಗಿರುವುದಾಗಿ ಅರ್ಥ ಸ್ಪಷ್ಟವಿಲ್ಲದ ಮಾತಿನಲ್ಲಿ ತಿಳಿಸಿದರು. ನಿಯಂತ್ರಕರು ಅದನ್ನು ಬೇರೆಯಾಗಿ ತಿಳಿದರು. ಅದೇ ಕ್ಷಣ ಇನ್ನೊಂದು ವಿಮಾನದವರೂ ಮಾತನಾಡಿದ್ದರಿಂದ ಎಚ್ಚರಿಕೆಯ ನುಡಿ ರೇಡಿಯೋದಲ್ಲಿ ಕೇಳಿಸದೆ ಹೋಯಿತು. ಸತ್ತವರು 583 ಮಂದಿ. ಅಂದಿನಿಂದ ‘ಟೇಕ್‌ಆಫ್’ ಎಂಬ ಪದವನ್ನು ಮೇಲೇರುವ ಅನುಮತಿ ಕೊಡುವಾಗ ಅಥವಾ ಅದನ್ನು ಹಿಂತೆಗೆಯುವಾಗ ಮಾತ್ರ ಬಳಸಬೇಕೆಂಬ ಶಿಸ್ತು ಬಂತು.

ನಮ್ಮ ದೇಶದಲ್ಲಿ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿ ಹೊಡೆದು 349 ಜನ ಸತ್ತರು. 15,000 ಅಡಿಯಲ್ಲಿ ಇರಬೇಕಿದ್ದ ವಿಮಾನ ಅದಕ್ಕಿಂತ ಕೆಳಗೆ ಇಳಿದಿತ್ತು. ಡಿಕ್ಕಿಯ ಮುನ್ಸೂಚನೆ ಕೊಡುವ ಉಪಕರಣವನ್ನು ಭಾರತ ಕಡ್ಡಾಯಗೊಳಿಸಿದ್ದು ಇದರ ನಂತರವೇ. ರೇಡಿಯೋ ಪರೀಕ್ಷೆಯಲ್ಲಿ ಹೇಳಿದ ಸೂಚನೆಯನ್ನು ಅಕ್ಷರಶಃ ಮರಳಿ ಹೇಳಿಸುವುದು ಏಕೆಂದು ಈಗ ನಿಮಗೆ ಹೊಳೆದಿರಬೇಕು. ಈ ಪರೀಕ್ಷೆಯನ್ನು ಹಿಂದೆ ಕೇಂದ್ರ ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು. 1934ರ ಹಳೆಯ ವಿಮಾನ ಕಾಯಿದೆಯ ಬದಲಿಗೆ 2025ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯಿದೆ ಇದನ್ನೂ ಡಿಜಿಸಿಎಗೆ ಒಪ್ಪಿಸಿತು.

ಬೆಂಗಳೂರಿನ ಪಾಠ

ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ 1940ರ ದಶಕದ ಕೊನೆಯಲ್ಲೇ ಆರಂಭವಾಯಿತು. ಮೊದಲ ಕಾಲದಲ್ಲೇ ಅಲ್ಲಿ ಕಲಿತ ಉಷಾ ಸುಂದರಂ ಅವರ ಹೆಸರು ನಮ್ಮ ವಾಯುಯಾನ ಚರಿತ್ರೆಯಲ್ಲಿ ಉಳಿದಿದೆ. ಇದೇ ನಗರ ಒಂದು ಕಹಿ ಪಾಠವನ್ನೂ ಕಲಿಸಿದೆ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸಿನ ಹೊಸ ಎ-320 ವಿಮಾನ ಹಳೆಯ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿತು. 146 ಜನರಲ್ಲಿ 92 ಮಂದಿ ಸತ್ತರು. ಇಳಿಯುವ ಹೊತ್ತಿನಲ್ಲಿ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿದ್ದವು, ವೇಗ ಕುಸಿಯುತ್ತಿತ್ತು. ಅದು ಗಮನಕ್ಕೆ ಬಂದದ್ದು ತಡವಾಗಿ. ಜೆಟ್ ಎಂಜಿನ್ ಪೂರ್ಣ ಶಕ್ತಿಗೆ ಏರಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಅಲ್ಲಿ ಉಳಿದಿರಲಿಲ್ಲ. ಕಂಪ್ಯೂಟರ್ ಎಷ್ಟೇ ಚುರುಕಾಗಿರಲಿ, ಅದು ಆಗ ಏನು ಮಾಡುತ್ತಿದೆ ಎಂಬುದು ಚಾಲಕನಿಗೆ ಗೊತ್ತಿರಬೇಕು. ತಾಂತ್ರಿಕ ಪತ್ರಿಕೆ ಪರೀಕ್ಷಿಸುವುದು ಈ ತಿಳಿವಳಿಕೆಯನ್ನೇ.

ಹೇಗೆ ಓದಬೇಕು?

ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪದ್ಧತಿಯಿದೆ. ಹಳೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ತೇರ್ಗಡೆಯಾಗಬಹುದೆಂಬ ಆಸೆ ಹುಟ್ಟುವುದು ಸಹಜ. ಇನ್ನೂ ಕೆಟ್ಟ ದಾರಿ ಹಿಡಿದವರೂ ಉಂಟು: 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಮೇಲ್ದರ್ಜೆಯ ಲೈಸೆನ್ಸ್ ಪಡೆದಿದ್ದ ಕೆಲವು ಪೈಲಟ್‌ಗಳು ನಮ್ಮ ದೇಶದಲ್ಲೇ ಬಂಧಿತರಾದರು. ಆದರೆ ಗಾಳಿಗೆ ಅಂಕಪಟ್ಟಿ ತೋರಿಸಲು ಬರುವುದಿಲ್ಲ.

ಆದ್ದರಿಂದ ಪಿಯುಸಿಯ ಭೌತಶಾಸ್ತ್ರ, ಗಣಿತಗಳನ್ನು ಈಗಲೇ ಗಟ್ಟಿ ಮಾಡಿಕೊಳ್ಳಿ. ಗಾಳಿಯ ತ್ರಿಕೋನವನ್ನು ಕೈಯಲ್ಲೇ ಬರೆದು ನೋಡಿ. ಪ್ರತಿ ಲೆಕ್ಕಕ್ಕೂ ಏಕಮಾನ ಬರೆಯಿರಿ, ಉತ್ತರ ಬಂದ ಮೇಲೆ ಅದು ನಂಬುವಂತಿದೆಯೇ ಎಂದು ಕೇಳಿಕೊಳ್ಳಿ. ರೇಡಿಯೋ ವಾಕ್ಯಗಳನ್ನು ಗೆಳೆಯರೊಡನೆ ಗಟ್ಟಿಯಾಗಿ ಆಡಿ ಅಭ್ಯಾಸ ಮಾಡಿ. ಅಪಘಾತಗಳ ತನಿಖಾ ವರದಿಗಳನ್ನು ಓದಿ. ಒಂದು ನಿಯಮ ಒಣಕಲೆಂದು ತೋರಿದಾಗ, ಅದು ಯಾವ ವರ್ಷ, ಯಾವ ಘಟನೆಯ ನಂತರ ಬಂತೆಂದು ಹುಡುಕಿ. ಕಾರಣ ತಿಳಿದ ನಿಯಮ ಮರೆಯುವುದಿಲ್ಲ. ಮುಂದೊಂದು ದಿನ ನಿಮ್ಮ ಬೆನ್ನ ಹಿಂದೆ ನೂರೈವತ್ತು ಜನ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿರುವಾಗ ನಿಮ್ಮ ನೆರವಿಗೆ ಬರುವುದು ಹಾಗೆ ಅರಿತು ಕಲಿತದ್ದು ಮಾತ್ರ.