ಅಬ್‌ಸ್ಕಾಂಡ್ ಎಂಬ ಕ್ರಿಯಾಪದ

ಜುಬೈಲಿನ ನಮ್ಮ ರೂಮಿನಲ್ಲಿ ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಗೊತ್ತಿದ್ದ ಒಂದು ಕ್ರಿಯಾಪದ ಅಬ್‌ಸ್ಕಾಂಡ್. 'ಅವನಿಗೆ ಅಬ್‌ಸ್ಕಾಂಡ್ ಹಾಕಿದ್ರಂತೆ' ಅಂತ ಯಾರಾದರೂ ಅಂದರೆ ಊಟಕ್ಕೆ ಕೂತವರ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು.

ಪದದ ಮೂಲ ಲ್ಯಾಟಿನ್ನಿನ 'ಅಬ್‌ಸ್ಕಾಂಡೆರೆ'. 'ಅಬ್ಸ್' ಅಂದರೆ ಆಚೆಗೆ, 'ಕಾಂಡೆರೆ' ಅಂದರೆ ಕೂಡಿಡು, ಬಚ್ಚಿಡು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಹಿಂದೆ ವಸ್ತುವನ್ನು ಅಡಗಿಸಿಡುವುದಕ್ಕೂ ಇದನ್ನು ಬಳಸುತ್ತಿದ್ದರು. ಕೊನೆಗೆ ಉಳಿದದ್ದು, ಕಾನೂನಿನ ಕೈಗೆ ಸಿಗದ ಹಾಗೆ ಮನುಷ್ಯ ತಾನೇ ಅಡಗುವ ಅರ್ಥ. (ಗೋಡೆದೀಪಕ್ಕೆ ಹೇಳುವ 'ಸ್ಕಾನ್ಸ್' ಕೂಡ ಇದೇ ಮನೆಯದು. ಮೊದಲು ಅದು ಬೆಳಕು ಮರೆಮಾಡಿದ ಲಾಂದ್ರ.) ನಮ್ಮ ಪೊಲೀಸರ 'ತಲೆಮರೆಸಿಕೊಂಡ ಆರೋಪಿ' ಇದಕ್ಕೆಷ್ಟು ಹತ್ತಿರ ನೋಡಿ. ಅಲ್ಲೂ ಓಟಕ್ಕಿಂತ ಮರೆಯೇ ಮುಖ್ಯ.

ಆದರೆ ದುಡಿಯುವವರ ಬೆನ್ನಿಗೆ ಈ ಪದ ಬಿದ್ದದ್ದು ಹಳೇ ಕಥೆ. 18ನೇ ಶತಮಾನದ ಅಮೆರಿಕದ ಪತ್ರಿಕೆಗಳಲ್ಲಿ, ಓಡಿಹೋದ ಗುಲಾಮರು ಮತ್ತು ಕರಾರಿನ ಆಳುಗಳ ಎತ್ತರ, ಬಟ್ಟೆ, ಹಿಡಿದುಕೊಟ್ಟರೆ ಸಿಗುವ ಇನಾಮು ಎಲ್ಲ ಬರೆದ ಜಾಹೀರಾತುಗಳು ಬರುತ್ತಿದ್ದವು. ನಮ್ಮ ಕಡೆಯೂ ಕಮ್ಮಿಯೇನಿರಲಿಲ್ಲ. ಬ್ರಿಟಿಷರ 1859ರ 13ನೇ ಕಾಯ್ದೆಯ ಪ್ರಕಾರ ಮುಂಗಡ ಹಣ ತಗೊಂಡು ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಬೇಕು. ಕೆಲಸವನ್ನೂ ಮಾಡದೆ ಹಣವನ್ನೂ ಕೊಡದಿದ್ದರೆ ಮೂರು ತಿಂಗಳವರೆಗೆ ಜೈಲು. ಕೊಡಗಿನ ಕಾಫಿ ತೋಟಗಳಲ್ಲಿ ಮೇಸ್ತ್ರಿ ಕೊಟ್ಟ ಮುಂಗಡದ ಹಿಂದೆ ಈ ಕಾಯ್ದೆ ನಿಂತಿತ್ತು. ತೋಟದ ದೊರೆ ಮಾತು ತಪ್ಪಿದರೆ? ಅವನನ್ನು ಜೈಲಿಗೆ ಹಾಕುವ ಮಾತು ಅದರಲ್ಲಿ ಇರಲಿಲ್ಲ.

ಗಲ್ಫಿನಲ್ಲಿ ಈ ಪದದ ವ್ಯಾಕರಣವೇ ತಿರುಗಿತು. ನಿಘಂಟಿನ ಪ್ರಕಾರ ಅಬ್‌ಸ್ಕಾಂಡ್ ಆಗುವುದು ನಾವು ಮಾಡುವ ಕೆಲಸ. ಇಲ್ಲಿ ಅದು ನಮ್ಮ ಮೇಲೆ ಬೀಳುವಂಥದ್ದು: ಕಫೀಲ್ ಹಾಕ್ತಾನೆ, ನಮಗೆ ಬೀಳುತ್ತೆ. ಅರಬ್ಬಿಯಲ್ಲಿ ಅದಕ್ಕೆ 'ಹುರೂಬ್', ಅಂದರೆ ಪರಾರಿ.

ನನ್ನ ಪಕ್ಕದ ಮಂಚದಲ್ಲಿ ಕುಂದಾಪುರ ಕಡೆಯ ವೆಲ್ಡರ್ ಒಬ್ಬರಿದ್ದರು. 2012ರಲ್ಲಿ ಅವರ ಕಂಪನಿ ನಾಲ್ಕು ತಿಂಗಳು ಸಂಬಳ ಕೊಡಲಿಲ್ಲ. ಲೇಬರ್ ಆಫೀಸಿಗೆ ದೂರು ಕೊಡಲು ಓಡಾಡುತ್ತಿದ್ದಾಗಲೇ ಅವರ ಮೇಲೆ ಹುರೂಬ್ ಬಿತ್ತು. ಇಕಾಮಾ ಕೆಲಸಕ್ಕೆ ಬಾರದಾಯ್ತು, ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿ. ಆ ಇಂಗ್ಲಿಷ್ ಪದದ ಅರ್ಥ ಏನು ಅಂತ ಕೇಳಿದರು. ಅಡಗಿಕೊಳ್ಳೋದು ಅಂದೆ. 'ನಾನೆಲ್ಲಿ ಅಡಗಿದ್ದೆ ಮಾರಾಯ್ರೆ, ದಿನಾ ಅವರ ಆಫೀಸಿನ ಕ್ಯೂನಲ್ಲೇ ಇದ್ದೆನಲ್ಲ!' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

2013ರ ಕ್ಷಮಾದಾನದ ಅವಧಿ ನವೆಂಬರ್ 3ಕ್ಕೆ ಮುಗಿಯುವುದರೊಳಗೆ, ರಾಯಭಾರ ಕಚೇರಿ ಕೊಟ್ಟ ಔಟ್‌ಪಾಸ್ ಹಿಡಿದು ಊರಿಗೆ ಹೋದರು. ನಾಲ್ಕು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ಸೌದಿ ಇಲಾಖೆಯ ಕಡತದಲ್ಲಿ ಈಗ ಹುರೂಬ್ ಬದಲು 'ಕೆಲಸಕ್ಕೆ ಗೈರು' ಅಂತ ಬರೆಯುತ್ತಾರೆ. ನಮ್ಮ ರೂಮಿನಲ್ಲಿ ಹಳೇ ಹೆಸರೇ ನಡೀತಿದೆ.