ಬೆಮಿಜಿಯ ನೆಲದಡಿಯ ಎಣ್ಣೆ



ನೀರಿನ ಮೇಲೆ ಸೀಮೆಎಣ್ಣೆ ತೇಲುವುದನ್ನು ನೀವೆಲ್ಲ ಕಂಡಿದ್ದೀರಿ. ಅದೇ ಎಣ್ಣೆ ನೆಲದ ಮೇಲೆ ಚೆಲ್ಲಿದರೆ ಸ್ವಲ್ಪ ಹೊತ್ತಿನಲ್ಲಿ ಇಂಗಿ ಕಾಣದಾಗುತ್ತದೆ. ಕಾಣದಾದದ್ದು ಇಲ್ಲವಾಯಿತೆಂದು ನಾವು ತಿಳಿಯುತ್ತೇವೆ. ಹಾಗಲ್ಲವೆಂದು ವಿಜ್ಞಾನಿಗಳಿಗೆ ಚೆನ್ನಾಗಿ ಕಲಿಸಿಕೊಟ್ಟದ್ದು ಅಮೆರಿಕದ ಉತ್ತರಭಾಗದ ಮಿನೆಸೋಟ ರಾಜ್ಯದ ಒಂದು ಕಾಡಿನ ನೆಲ.

1979ರ ಆಗಸ್ಟ್ 20ರಂದು ಬೆಮಿಜಿ ಎಂಬ ಊರಿನ ಬಳಿ ಕಚ್ಚಾ ತೈಲ ಸಾಗಿಸುವ ದೊಡ್ಡ ಕೊಳವೆಯೊಂದು ಒಡೆಯಿತು. ಸುಮಾರು 17 ಲಕ್ಷ ಲೀಟರ್ ತೈಲ ಹೊರಗೆ ಚಿಮ್ಮಿ, ತಗ್ಗುಗಳಲ್ಲಿ ಮಡುಗಟ್ಟಿ ನಿಂತಿತು. ಕೆಲಸಗಾರರು ಕಾಲುವೆ ತೋಡಿದರು, ಪಂಪಿನಿಂದ ಎತ್ತಿದರು, ಸುಟ್ಟರು, ಎಣ್ಣೆ ಹತ್ತಿದ ಮಣ್ಣನ್ನು ಅಗೆದು ತೆಗೆದರು. ಇಷ್ಟಾದರೂ ಸುಮಾರು ಕಾಲು ಭಾಗ, ಎಂದರೆ 4 ಲಕ್ಷ ಲೀಟರಿನಷ್ಟು, ಮರಳಿನೊಳಗೆ ಇಳಿದು ಅಂತರ್ಜಲದ ಮೇಲೆ ಹೋಗಿ ನಿಂತಿತು.

ಎಣ್ಣೆ ತೇಲುವುದರಿಂದ ನೀರು ಸುರಕ್ಷಿತ ಎನ್ನುವಂತಿಲ್ಲ. ತೈಲದಲ್ಲಿರುವ ಬೆನ್ಜೀನ್ ಮುಂತಾದವು ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಕರಗಿ ಅದರೊಡನೆ ಮುಂದೆ ಸಾಗುತ್ತವೆ. ಬೆನ್ಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಕುಡಿಯುವ ನೀರಿನಲ್ಲಿ 100 ಕೋಟಿಗೆ 5 ಭಾಗಕ್ಕಿಂತ ಹೆಚ್ಚು ಬೆನ್ಜೀನ್ ಇರಬಾರದೆಂದು ಅಮೆರಿಕದ ನಿಯಮವಿದೆ. ಇಷ್ಟು ಅಲ್ಪ ಪ್ರಮಾಣವನ್ನು ನಾಲಿಗೆ ಗುರುತಿಸಲಾರದು.

1983ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಈ ಜಾಗವನ್ನೇ ಬಯಲು ಪ್ರಯೋಗಶಾಲೆ ಮಾಡಿಕೊಂಡರು. ಬೇರೆ ಬೇರೆ ಆಳಕ್ಕೆ ಸಣ್ಣ ಬಾವಿಗಳನ್ನು ಕೊರೆದು ವರ್ಷ ವರ್ಷವೂ ನೀರನ್ನು ತೆಗೆದು ಪರೀಕ್ಷಿಸಿದರು. ಇಲ್ಲೊಂದು ಕಠಿಣ ಪ್ರಶ್ನೆ ಇತ್ತು, ನೀವೂ ಯೋಚಿಸಿ ನೋಡಿ. ಒಂದು ಬಾವಿಯಲ್ಲಿ ಬೆನ್ಜೀನ್ ಕಡಿಮೆಯಾಯಿತೆನ್ನಿ. ಅದು ನಾಶವಾಯಿತೋ, ಹೆಚ್ಚು ನೀರು ಬೆರೆತು ತೆಳುವಾಯಿತೋ, ಅಥವಾ ಇನ್ನೊಬ್ಬರ ಬಾವಿಯ ಕಡೆಗೆ ಹರಿದುಹೋಯಿತೋ? ಬೆನ್ಜೀನನ್ನು ಮಾತ್ರ ಅಳೆದರೆ ಇದು ತಿಳಿಯದು. ಆದ್ದರಿಂದ ಆಮ್ಲಜನಕ, ಕರಗಿದ ಕಬ್ಬಿಣ, ಮೀಥೇನ್ ಅನಿಲಗಳನ್ನೂ ಅಳೆದರು.

ಲೆಕ್ಕ ಕುತೂಹಲಕರವಾಗಿತ್ತು. ಎಣ್ಣೆಯ ಸಮೀಪ ಆಮ್ಲಜನಕ ಮುಗಿದಿತ್ತು, ಕಬ್ಬಿಣವೂ ಮೀಥೇನೂ ಏರಿದ್ದವು. ಮಣ್ಣಿನ ಸೂಕ್ಷ್ಮಜೀವಿಗಳು ಎಣ್ಣೆಯನ್ನು ಆಹಾರ ಮಾಡಿಕೊಂಡಿದ್ದವು! ನಾವು ಉಸಿರಾಟಕ್ಕೆ ಆಮ್ಲಜನಕವನ್ನು ಬಳಸುವಂತೆ, ಆಮ್ಲಜನಕ ತೀರಿದ ಮೇಲೆ ಅವು ಮರಳಿನ ಕಣಗಳಿಗೆ ಅಂಟಿದ ಕಬ್ಬಿಣದ ತುಕ್ಕನ್ನೇ ಬಳಸುತ್ತಿದ್ದವು. ಡೆರೆಕ್ ಲವ್ಲೀ ಮತ್ತು ಸಂಗಡಿಗರು ಇದನ್ನು 1989ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1996ರ ವೇಳೆಗೆ ತೇಲುವ ಎಣ್ಣೆ ಸುಮಾರು 40 ಮೀಟರ್, ಕರಗಿದ ವಿಷ ಸುಮಾರು 200 ಮೀಟರ್ ಮಾತ್ರ ಸರಿದಿದ್ದವು. ಅಂತರ್ಜಲ ಅದಕ್ಕಿಂತ ವೇಗವಾಗಿ ಹರಿಯುತ್ತಿತ್ತು.

ಈ ಸಂದರ್ಭದಲ್ಲಿ ಬಂಗಾಳ ಮೂಲದ ಆನಂದ ಮೋಹನ ಚಕ್ರವರ್ತಿಯವರ ನೆನಪಾಗುತ್ತದೆ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಅವರು ಕಚ್ಚಾ ತೈಲದ ಹಲವು ಅಂಶಗಳನ್ನು ಒಡೆಯಬಲ್ಲ ಬ್ಯಾಕ್ಟೀರಿಯವನ್ನು ರೂಪಿಸಿದರು. ಜೀವಿಗೂ ಪೇಟೆಂಟ್ ಕೊಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟು 1980ರಲ್ಲಿ 5-4ರ ಬಹುಮತದಿಂದ ತೀರ್ಪಿತ್ತಿತು. ತಮಾಷೆಯೆಂದರೆ, ಕೋರ್ಟಿನಲ್ಲಿ ಗೆದ್ದ ಆ ಜೀವಿ ಎಣ್ಣೆ ಚೆಲ್ಲಿದ ಕಡೆಗಳಲ್ಲಿ ಬಳಕೆಗೆ ಬರಲೇ ಇಲ್ಲ. ಬೆಮಿಜಿಯಲ್ಲಿ ದುಡಿದವು ಯಾರೂ ತಂದು ಬಿಡದ, ಆ ನೆಲದ್ದೇ ಆದ ಜೀವಿಗಳು.

ಹಾಗಾದರೆ ಕೈಕಟ್ಟಿ ಕೂರಬಹುದೇ? ನಿಸರ್ಗಕ್ಕೆ ಬಿಡುವುದೂ ಒಂದು ವಿಧಾನವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1999ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ ಸತತ ಪರೀಕ್ಷೆ ನಡೆಯುತ್ತಿರಬೇಕೆಂಬ ಷರತ್ತು ಅದರಲ್ಲೇ ಇದೆ. ಈ ಷರತ್ತನ್ನು ಮರೆತು ಮೊದಲರ್ಧವನ್ನಷ್ಟೇ ಹೇಳುವುದು ನನ್ನ ದೃಷ್ಟಿಯಲ್ಲಿ ಖರ್ಚು ತಪ್ಪಿಸಿಕೊಳ್ಳುವ ಉಪಾಯ. ಅತ್ತ ಪಂಪಿಗೂ ಮಿತಿಯಿದೆ. ಅದೇ 1999ರಿಂದ ಕೆಲವು ವರ್ಷ ಬೆಮಿಜಿಯಲ್ಲಿ ಮತ್ತೆ ಎಣ್ಣೆ ಎತ್ತಿ, ಲಕ್ಷಕ್ಕೂ ಮೀರಿ ಲೀಟರ್ ತೆಗೆದರು. ಮರಳಿನ ಕಣಗಳ ನಡುವೆ ಸಿಕ್ಕಿಕೊಂಡ ಎಣ್ಣೆ ಮಾತ್ರ ಪಂಪಿಗೆ ಬರಲಿಲ್ಲ.

ಮುಂದಿನ ಸಂಶೋಧನೆ ಇನ್ನೊಂದು ಸಂಗತಿಯನ್ನು ಹೊರಗೆಡವಿತು. ಜೀವಿಗಳು ತುಕ್ಕನ್ನು ಕರಗಿಸುವಾಗ, ಅದಕ್ಕೆ ಅಂಟಿಕೊಂಡಿದ್ದ ನೈಸರ್ಗಿಕ ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಸೇರುತ್ತಿತ್ತು. ಒಂದು ವಿಷವನ್ನು ತಿನ್ನುವ ಕೆಲಸವೇ ಇನ್ನೊಂದನ್ನು ಎಬ್ಬಿಸಿತ್ತು. ಬೆನ್ಜೀನ್ ಇಳಿಯಿತೆಂದು ಪರೀಕ್ಷೆ ನಿಲ್ಲಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಬೆಮಿಜಿಯದು ಹಿಮನದಿಗಳ ನೀರು ತಂದು ಹರವಿದ ಮರಳು ನೆಲ. ಅಲ್ಲಿ ನೀರು ಕಣಗಳ ಸಂದಿಯಲ್ಲಿ ನಿಧಾನವಾಗಿ ಸಾಗುತ್ತದೆ, ಜೀವಿಗಳಿಗೆ ಕಾಲಾವಕಾಶ ಸಿಗುತ್ತದೆ. ನಮ್ಮ ಕರ್ನಾಟಕದ ಬಹುಭಾಗ ಗಟ್ಟಿ ಬಂಡೆ. ಇಲ್ಲಿ ಕೊಳವೆಬಾವಿಗೆ ನೀರು ಬರುವುದು ಬಂಡೆಯ ಬಿರುಕುಗಳಿಂದ, ಮತ್ತು ಬಿರುಕು ಯಾವ ದಿಕ್ಕಿಗೆ ಹೊರಳುವುದೋ ನೆಲದ ಮೇಲಿಂದ ಹೇಳುವುದು ಕಷ್ಟ. ಪೆಟ್ರೋಲ್ ಬಂಕಿನ ನೆಲದೊಳಗಿನ ಟ್ಯಾಂಕು ಸೋರಿದರೆ, ಯಾವ ಮನೆಯ ಬಾವಿಯನ್ನು ಮೊದಲು ಪರೀಕ್ಷಿಸಬೇಕು ಎನ್ನುವುದೇ ಇಲ್ಲಿನ ಮೊದಲ ಪ್ರಶ್ನೆ.